ಅಕ್ಷತೆ ತಿಂದ ಕಾರು

ಹಿರಿಯೂರು
೧೯-೧-೨೦೨೫, ಭಾನುವಾರ

ಪ್ರೀತಿಯ ರಂಗಕ್ಕನಿಗೆ,

ನಿನ್ನ ತಮ್ಮ ಕೆಂಚಣ್ಣನ ನಮಸ್ಕಾರ. ಮೊದಲು ಒಂದು ಕನಸಿನ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಬರೆಯಲು ಕೈ ಓಡುವುದಿಲ್ಲ. ನಿನ್ನೆ ಮಧ್ಯಾಹ್ನ ಉಂಡು ಒರಗಿದವನಿಗೆ ಮಂಪರು ಹತ್ತಿತು. ನಮ್ಮ ಓಪನ್ ಕಾರನ್ನು ನಾನು ಓಡಿಸುತ್ತಿದ್ದೇನೆ. ಎದುರಿಗೆ ಇಳಿಜಾರು. ಬ್ರೇಕ್ ಒತ್ತಲು ಹೋದರೆ ಕಾರಿಗೆ ತಳವೇ ಇಲ್ಲ, ನನ್ನ ಎರಡೂ ಕಾಲು ಟಾರು ರಸ್ತೆಯ ಮೇಲೆ ಓಡುತ್ತಿವೆ. ಪಕ್ಕದಲ್ಲಿ ನೀನು ಕುಳಿತಿದ್ದೀಯ, ನನ್ನ ಕಡೆ ತಿರುಗಿಯೂ ನೋಡುತ್ತಿಲ್ಲ. "ಅಕ್ಕಾ, ಕಾಲು ಮ್ಯಾಲಕ್ಕೆ ಎತ್ಕಾ" ಎಂದು ಕೂಗಿದೆನಂತೆ. ನನ್ನ ಹೆಂಡತಿ ನಾಗಕ್ಕ ಅಡುಗೆಮನೆಯಿಂದ ಓಡಿಬಂದು ಭುಜ ಅಲ್ಲಾಡಿಸಿ, "ಏನ್ರಿ ಇದು, ಹಗಲೊತ್ನಾಗೆ ಯಾವ ಅಕ್ಕನ ಕಾಲು ಎತ್ತುಸ್ತೀರಿ?" ಎಂದು ನಕ್ಕಳು. ಅವಳಿಗೆ ನಗು. ನಾನು ಎದ್ದವನೇ ಹಿತ್ತಿಲ ಶೆಡ್ಡಿಗೆ ಹೋಗಿ, ಕಾರಿನ ಕೆಳಗೆ ತೂರಿಕೊಂಡು, ಹೊಸ ತಳವನ್ನು ಅಂಗೈಯಿಂದ ತಟ್ಟಿ ನೋಡಿ ಬಂದೆ. ಗಟ್ಟಿಯಾಗಿಯೇ ಇದೆ. ಆದರೂ ಸಂಜೆ ಇನ್ನೊಮ್ಮೆ ನೋಡಿದೆ.

ದೀಪಾವಳಿಗೆ ನೀನು ಹೊಸದುರ್ಗದಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. "ಫೋನ್ ಐತಲ್ಲಪ್ಪ" ಎನ್ನುತ್ತಾನೆ ಮಗ ಚೇತನ್. ಫೋನಿನಲ್ಲಿ ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ನೀನು "ಸರಿ ಕಣಪ್ಪ, ಇಡ್ತೀನಿ" ಎಂದುಬಿಡುತ್ತೀಯ. ಐದನೇ ಕ್ಲಾಸಿಗೇ ಸ್ಲೇಟು ಬಿಸಾಕಿದವನು ನಾನು, ಒತ್ತು ದೀರ್ಘ ತಪ್ಪಿದ್ದರೆ ಸರಿಮಾಡಿಕೊಂಡು ಓದು. ಮಗಳ ಕೈಲಿ ಓದಿಸಬೇಡ. ಯಮುನಾ ಟೀಚರಮ್ಮ, ಕೆಂಪು ಪೆನ್ನು ತೆಗೆದಾಳು. ಕನ್ನಡಕ ಹಾಕಿಕೊಂಡು ನೀನೇ ಓದು.

ಕಾರಿನ ಕೆಲಸ ಶುರುವಾದದ್ದೇ ಒಂದು ಜಗಳದಿಂದ. ಹೈವೇ ಪಕ್ಕದ ಹೋಟೆಲಿನವನೊಬ್ಬ ಬಂದು, ನಿಮ್ಮ ಹಳೇ ಕಾರು ಕೊಡಿ, ಕಂಬದ ಮೇಲೆ ನಿಲ್ಲಿಸಿ ಲೈಟು ಹಾಕಿಸುತ್ತೇನೆ, ಬೆಂಗಳೂರಿನ ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದ. ನನಗೆ ಎಲ್ಲಿತ್ತೋ ಸಿಟ್ಟು. "ಅದು ಓಡೋ ಕಾರು ಕಣಯ್ಯ, ಬೊಂಬೆಯಲ್ಲ" ಎಂದೆ. ಅವನು ಹೋದ ಮೇಲೆ ಚೇತನ್, "ಹದಿನೆಂಟು ವರ್ಷದಿಂದ ಟಾರ್ಪಾಲಿನಡಿ ಕೋಳಿ ಮೊಟ್ಟೆ ಇಡ್ತಾವೆ ಅದ್ರಾಗೆ. ಓಡೋ ಕಾರಂತೆ. ಎಲ್ಲಿ, ಓಡ್ಸಿ ತೋರ್ಸು ಮತ್ತೆ" ಎಂದ. ಮಗನ ಮಾತು ನಾಟಿತು.

ಆ ಕಾರು ನನ್ನ ಕೈಗೆ ಬಂದ ದಿನ ನಿನಗೆ ನೆನಪಿರಬೇಕು. ಭಾವ ತೀರಿಕೊಂಡ ಮರುವರ್ಷ, ಎಂಬತ್ತೊಂಬತ್ತು. ನಾನು ಡ್ರೈವರ್ ಆಗಿದ್ದ ಗಣಿಯ ಎಂಜಿನಿಯರ್ ಸಾಹೇಬರು ಊರು ಬಿಡುವಾಗ, "ಇದನ್ನ ನಿನ್ನಷ್ಟು ಚೆನ್ನಾಗಿ ತೊಳೆಯೋರು ನಂಗೆ ಸಿಗಲ್ಲ" ಎಂದು ಕೀಲಿಕೈ ಕೊಟ್ಟುಹೋದರು. ಎರಡೇ ಸೀಟಿನ ಇಂಗ್ಲೆಂಡಿನ ಕಾರು, ಮೇಲೆ ಮಡಚುವ ಬಟ್ಟೆಯ ಟಾಪು. ಹಿಂದೆ ಹಲಗೆ ಕೂರಿಸಿ, ಕೆಂಪು ಮಕಮಲ್ಲು ಹೊದಿಸಿ, ಗಂಡು ಹೆಣ್ಣು ಎತ್ತರದಲ್ಲಿ ಕೂರುವ ಹಾಗೆ ಮಾಡಿದೆ. ಅಲ್ಲಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತ ಮದುವೆ ಮೆರವಣಿಗೆ ಎಂದರೆ ಕೆಂಚಣ್ಣನ ಓಪನ್ ಕಾರು. ಮುಂದೆ ಬ್ಯಾಂಡ್‌ಸೆಟ್, ಎರಡೂ ಕಡೆ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತ ಹೆಂಗಸರು, ಬಾನೆಟ್ಟಿನ ಮೇಲೆ ಕನಕಾಂಬರದ ಜಾಲರಿ. ನಡೆಯುವವರಿಗಿಂತ ನಿಧಾನ ಓಡಿಸಬೇಕು. ಎಂಜಿನ್ ಕಾಯ್ದು ನನ್ನ ಮೊಣಕಾಲು ಬೇಯುತ್ತಿತ್ತು, ಮೇಲಿಂದ ಅಕ್ಷತೆ ಸುರಿದು ಅಂಗಿಯ ಒಳಗೆಲ್ಲ ಅಕ್ಕಿ. ಈಗ ಶೆಡ್ಡಿನಲ್ಲಿ ಪೆಟ್ರೋಲು ವಾಸನೆಯ ಜೊತೆ ಎಲ್ಲಿಂದಲೋ ಹೂವಿನ ವಾಸನೆ ಬಂದ ಹಾಗಾಗುತ್ತದೆ. ನಾಗಕ್ಕ ಅದು ಕೋಳಿ ಗಬ್ಬು ಎನ್ನುತ್ತಾಳೆ.

ನಮ್ಮೂರಿನ ಮೆಕ್ಯಾನಿಕ್ ಅಜ್ಜಪ್ಪನನ್ನು ಕರೆತಂದೆ. ಕೈ ಬಂಗಾರ, ಬಾಯಿ ಮಾತ್ರ ಖಾರ. ಇಲಿಗಳು ವೈರು ತಿಂದಿದ್ದವು, ಬ್ರೇಕು ಕಚ್ಚಿಕೊಂಡಿತ್ತು, ಟ್ಯಾಂಕಿನಲ್ಲಿದ್ದ ಪೆಟ್ರೋಲು ಗೋಂದಾಗಿತ್ತು. ಇದಕ್ಕೆಲ್ಲ ಅವನು ಹೆದರಲಿಲ್ಲ. ಆಮೇಲೆ ನೆಲದ ಮ್ಯಾಟು ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿದ ನೋಡು, ಅದು ತಗಡಿನೊಳಗೆ ಹಪ್ಪಳದೊಳಗೆ ಹೊಕ್ಕ ಹಾಗೆ ಹೊಕ್ಕಿತು. ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿದರೆ ಒಳಗೆ ಕಪ್ಪಗೆ ಹೆಪ್ಪುಗಟ್ಟಿದ ಅಕ್ಕಿ, ಅರಿಶಿನ, ಕುಂಕುಮ. ಮೂರು ಸೇರಾದರೂ ಇತ್ತು.

"ಏನಪ್ಪ ಕೆಂಚಣ್ಣ, ಕಾರ್ನಾಗೆ ಭತ್ತದ ಗದ್ದೆ ಮಾಡಿದ್ದೇನು?" ಎಂದ ಅಜ್ಜಪ್ಪ.

"ಅಕ್ಷತೆ ಅಜ್ಜಪ್ಪ. ಅದರ ಮ್ಯಾಲೆ ಪರಕೆ ಆಡುಸ್ಬಾರ್ದು ಅಂತ..."

"ಪರಕೆ ಆಡ್ಸಲ್ಲ, ನೀರು ಮಾತ್ರ ಬಕೀಟುಗಟ್ಲೆ ಸುರೀತೀಯ. ನೀರು ಇಳಿಯೋ ತೂತೆಲ್ಲ ಅಕ್ಕಿ ಮೆತ್ಕಂಡು ಕುಂತೈತೆ. ತುಕ್ಕು ಹಿಡಿದಿದ್ದಲ್ಲ ಕಣಯ್ಯ ಇದು, ಆಶೀರ್ವಾದ ಹಿಡಿದಿದ್ದು!"

ಅವನು ಹೊಟ್ಟೆ ಹಿಡಿದು ನಕ್ಕ. ನನಗೆ ನಗು ಬರಲಿಲ್ಲ ಅಕ್ಕ. ಹದಿನೆಂಟು ವರ್ಷ ಪ್ರತಿ ಮದುವೆಯ ಮರುದಿನವೂ ನಾನೇ ತೊಳೆದಿದ್ದೆ, ನಾನೇ ಗುಡಿಸದೆ ಬಿಟ್ಟಿದ್ದೆ. ಅಷ್ಟು ಜೋಡಿಗಳನ್ನು ಕೊಳೆಯುತ್ತಿದ್ದ ತಳದ ಮೇಲೆ ಕೂರಿಸಿಕೊಂಡು ತಿರುಗಿದ್ದೇನೆ. ಎಲ್ಲಾದರೂ ಮುರಿದಿದ್ದರೆ? ಎರಡು ದಿನ ಊಟ ಸೇರಲಿಲ್ಲ. ನಾಗಕ್ಕ ಆ ಅಕ್ಕಿಯನ್ನು ತಿಪ್ಪೆಗೆ ಹಾಕಲು ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ವೇದಾವತಿ ನೀರಿಗೆ ಬಿಟ್ಟು ಬಂದಳು. ಅಜ್ಜಪ್ಪ ಹಳೇ ತಳ ಕೊಯ್ದು ದಪ್ಪ ತಗಡು ಬೆಸೆದ. ಟಾಪನ್ನು ಲಾರಿ ಟಾರ್ಪಾಲು ಹೊಲಿಯುವವರ ಹತ್ತಿರ ಹೊಲಿಸಿದೆವು. ಬಣ್ಣ ಸ್ವಲ್ಪ ಲಾರಿಯ ಬಣ್ಣವೇ, ಏನು ಮಾಡುವುದು.

ಸಂಕ್ರಾಂತಿಯ ಮರುದಿನ ಆದಿವಾಲದವರೆಗೆ ಓಡಿಸಿ ನೋಡಿದೆವು. ಅಲ್ಲಿ ರಸ್ತೆ ಪಕ್ಕ ಹುರುಳಿ ಒಕ್ಕುತ್ತಿದ್ದ ಹೆಂಗಸೊಬ್ಬಳು ಕೈ ಅಡ್ಡ ಹಾಕಿ ನಿಲ್ಲಿಸಿದಳು. ಚಂದ್ರಕ್ಕ ಅಂತೆ. "ಅಯ್ಯೋ, ಇದು ನನ್ನ ಮದುವೆ ಕಾರು!" ಎಂದು ಹಿಂದಿನ ಮಕಮಲ್ಲಿನ ಮೇಲೆ ಕೈಯಾಡಿಸಿದಳು. ಅವಳ ಗಂಡ, "ಹುಷಾರು ಕಣ್ರಿ ಡ್ರೈವರ್ರೇ, ಆಗ ಕುಂತಾಗ ಮಲ್ಲಿಗೆ ದಂಡೆ ಹಂಗಿದ್ಲು, ಈಗ ಕುಂತ್ರೆ ಟಯರ್ ಢಂ ಅಂತೈತೆ" ಎಂದ. "ನಿನ್ನ ಬಾಯಿಗೆ ಮಣ್ಣಾಕ, ನೀನೇನು ಹಂಗೇ ಇದೀಯ?" ಎಂದು ಅವಳು ಹುರುಳಿ ಬಳ್ಳಿ ಎಸೆದಳು. ನನ್ನ ಕಣ್ಣು ತುಂಬಿತು. ಅಜ್ಜಪ್ಪ ನೋಡಿದ, ಗಾಳಿಗೆ ಎಂದೆ.

ಮೊನ್ನೆ ಶುಕ್ರವಾರ ಚಿತ್ರದುರ್ಗದ ಆರ್‌ಟಿಓ ಆಫೀಸಿನಲ್ಲಿ ಇನ್‌ಸ್ಪೆಕ್ಟರ್ ಮುಂದೆ ಕಾರನ್ನು ಪಾಸಿಗೆ ನಿಲ್ಲಿಸಿದೆವು. ಹಾರನ್ನು, ಲೈಟು, ಬ್ರೇಕು ಎಲ್ಲ ಸರಿಯೆಂದರು. ಆಮೇಲೆ ಹಿಂದಕ್ಕೆ ಹೋಗಿ, "ಏನ್ರಿ ಇದು ಸಿಂಹಾಸನ? ಪುಸ್ತಕದಾಗೆ ಎರಡೇ ಸೀಟು ಅಂತ ಐತೆ. ಇದನ್ನ ತೆಗೆದ್ರೆ ಪಾಸು" ಎಂದರು. ಮದುವೆಯ ಸೀಟು ತೆಗೆದ ಮೇಲೆ ಆ ಕಾರಿಗೆ ಏನು ಕೆಲಸ? ಅಜ್ಜಪ್ಪ ನನ್ನನ್ನು ಕೇಳಲೂ ಇಲ್ಲ, ಸ್ಪ್ಯಾನರ್ ತೆಗೆದು ಅಲ್ಲೇ ನಾಲ್ಕು ಬೋಲ್ಟು ಬಿಚ್ಚಿದ. ಹಲಗೆ ಕೆಳಗಿಳಿಯಿತು. ಕಾರು ಪಾಸಾಯಿತು.

ವಾಪಸ್ಸು ಬರುವಾಗ ಅಜ್ಜಪ್ಪ ಪಕ್ಕದ ಸೀಟಿನಲ್ಲಿ ಕಾಲು ಚಾಚಿ, "ಈಗ ಇದ್ರಾಗೆ ಇನ್ನೊಬ್ರಿಗೆ ಮಾತ್ರ ಜಾಗ. ಯಾರನ್ನ ಕೂರಿಸ್ಕಂತೀಯ, ನೋಡ್ಕೊಂಡು ಕೂರಿಸ್ಕೊ" ಎಂದ. ನಾನು ಯಾರನ್ನು ನೆನೆದೆ ಎಂದು ನಿನಗೆ ಬರೆದು ತಿಳಿಸಬೇಕಾಗಿಲ್ಲ.

ಆದರೆ ನೀನು ಒಪ್ಪುತ್ತಿಲ್ಲ. ಮಾರಿಕಣಿವೆ ಡ್ಯಾಮು ತುಂಬಿ ಕೋಡಿ ಹರಿಯುತ್ತಿದೆ, ನಿಮ್ಮನ್ನು ಕಾರಿನಲ್ಲಿ ಕರೆತಂದು ತೋರಿಸುತ್ತಾರಂತೆ ಎಂದು ನಾಗಕ್ಕ ಫೋನು ಮಾಡಿದಾಗ, "ಅದು ಮುತ್ತೈದೇರು ಕುಂತ ಕಾರಮ್ಮ, ನಂಗ್ಯಾಕೆ? ನಾನು ಟೀವಿನಾಗೆ ನೋಡಿದೀನಿ" ಎಂದೆಯಂತೆ. ಅವಳು ನಿನ್ನ ಮಾತನ್ನು ಸುಮ್ಮನೆ ಹೇಳಿ ಈರುಳ್ಳಿ ಹೆಚ್ಚುತ್ತ ಕುಳಿತಳು. ನೀನು ಬಾರದಿದ್ದರೆ ಇಷ್ಟೆಲ್ಲ ಮಾಡಿದ್ದು ಆ ಹೋಟೆಲಿನವನ ಕಂಬಕ್ಕೇ ಸರಿ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೊಸದುರ್ಗಕ್ಕೆ ಬರುತ್ತೇನೆ. ಬೇಡ ಎನ್ನಬೇಡ. ಸೀಟು ತಗ್ಗಿನಲ್ಲಿದೆ, ನಿನ್ನ ಮಂಡಿಗೆ ಕಷ್ಟ ಎಂದು ದಿಂಬು ಹೊಲಿಸಿದ್ದೇನೆ, ಅದು ಎತ್ತರವಾಯಿತೇನೋ ಎಂದು ಮತ್ತೆ ಹತ್ತಿ ತೆಗೆಸಿದ್ದೇನೆ. ಕಿವಿಗೆ ಶಾಲು ಸುತ್ತಿಕೊ, ಗಾಳಿ ಕೆಟ್ಟದ್ದು. ಟಾಪು ಬೇಕೆಂದರೆ ಹಾಕುತ್ತೇನೆ, ಬೇಡವೆಂದರೆ ತೆಗೆಯುತ್ತೇನೆ. ನಲವತ್ತರ ಮೇಲೆ ಓಡಿಸುವುದಿಲ್ಲ. ಯಮುನಾಗೂ ಅವಳ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ನೀನು ನನಗಿಂತ ದೊಡ್ಡವಳು, ನಿನ್ನ ಆಶೀರ್ವಾದ ನನ್ನ ತಲೆ ಮೇಲಿರಲಿ.

ನಿನ್ನ ತಮ್ಮ,
ಕೆಂಚಣ್ಣ

ವಿ.ಸೂ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಬೇರೆ ಯಾರಿಗೂ ಹೇಳದ್ದನ್ನು ಬರೆಯುತ್ತೇನೆ.

ತೊಂಬತ್ತೆರಡನೇ ಇಸವಿಯ ಮೇ ತಿಂಗಳು. ಆಗ ನೀನು ಮಾರಿಕಣಿವೆಯಲ್ಲಿ ನೀರಾವರಿ ಕ್ಯಾಂಪಿನವರಿಗೆ ಅಡುಗೆ ಮಾಡಿಕೊಂಡಿದ್ದೆ. ಒಂದು ದಿನ ನೀನು ಯಮುನಾಗೆ ಜ್ವರವೆಂದು ಹಿರಿಯೂರಿನ ಆಸ್ಪತ್ರೆಗೆ ತೋರಿಸಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಹೊಸದುರ್ಗ ರಸ್ತೆಯ ಬೇವಿನ ಮರದಡಿ ನಿಂತಿದ್ದೆ. ನಾನು ಕಂಟ್ರಾಕ್ಟರ್ ಮಗಳ ಮೆರವಣಿಗೆಗೆಂದು ಹೂ ಕಟ್ಟಿಸಿಕೊಂಡು ಖಾಲಿ ಕಾರಿನಲ್ಲಿ ನೀನು ಹೋಗಬೇಕಾದ ಕಡೆಗೇ ಹೊರಟಿದ್ದೆ. ನೀನು ನಕ್ಕುಕೊಂಡು ಬಾಗಿಲ ಮೇಲೆ ಕೈ ಇಟ್ಟೆ. ನಾನು, "ಅಕ್ಕಾ, ಬ್ಯಾಡ. ಹೆಣ್ಣಿನ ಕಡೆಯೋರು ನೋಡಿದ್ರೆ ಅಪಶಕುನ ಅಂತಾರೆ" ಎಂದೆ. ನೀನು ಕೈ ತೆಗೆದು, "ಹೌದಲ್ಲ, ಹೋಗಪ್ಪ, ನಿಂಗೆ ಹೊತ್ತಾಗ್ತೈತೆ. ನಾಕು ಗಂಟೆ ಬಸ್ಸು ಬರ್ತೈತೆ" ಎಂದೆ. ವಾರದ ಮೇಲೆ ನಾನು ಕೇಳಿದಾಗ ನೀನು, "ಬಸ್ಸು ಬಂತು ಕಣೋ, ಸೀಟೂ ಸಿಕ್ತು" ಎಂದೆ. ಆ ಮಾತನ್ನು ಹಿಡಿದುಕೊಂಡೇ ಇಷ್ಟು ವರ್ಷ ನಿನ್ನ ಮುಖ ನೋಡಿದ್ದೇನೆ.

ನಿನ್ನೆ ಬೆಳಿಗ್ಗೆ ಜಂಪಣ್ಣ ಕಾರು ನೋಡಲು ಬಂದಿದ್ದ. ಆಗ ಆ ಹೊಸದುರ್ಗ ರೂಟಿನ ಒಂದೇ ಪ್ರೈವೇಟ್ ಬಸ್ಸಿಗೆ ಅವನೇ ಕಂಡಕ್ಟರ್. "ಕಂಟ್ರಾಕ್ಟರ್ ಮಗಳ ಮದುವೆ ದಿನ ನೆನಪೈತಾ ಕೆಂಚಣ್ಣ? ನೀನು ಮುಂದೆ, ದಿಬ್ಬಣ ತುಂಬ್ಕಂಡು ನಮ್ಮ ಬಸ್ಸು ನಿನ್ನ ಹಿಂದೆ. ಆವತ್ತು ಇಡೀ ದಿನ ಲೈನಿಗೆ ಬಿಡ್ಲೇ ಇಲ್ಲ" ಎಂದ.

ನಿಜ, ಆ ಬಸ್ಸನ್ನು ನಾನು ಕನ್ನಡಿಯಲ್ಲಿ ನೋಡಿದ್ದೆ. ಆ ಬೇವಿನ ಮರದಿಂದ ಮಾರಿಕಣಿವೆಗೆ ನಡೆದರೆ ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರು. ಹೆಗಲ ಮೇಲೆ ಜ್ವರದ ಮಗು. ಜಂಪಣ್ಣನಿಗೆ ವಯಸ್ಸಾಗಿದೆ, ಬೇರೆ ಯಾವುದೋ ಮದುವೆಯನ್ನು ಇದರ ಜೊತೆ ಸೇರಿಸಿದ್ದಾನೋ ಏನೋ. ಅಕ್ಕ, ನೀನು ಇನ್ನೊಂದು ಸಲ ಸಮಾಧಾನವಾಗಿ ನೆನಪು ಮಾಡಿಕೊಂಡು ನೋಡಿ ಹೇಳು: ಆವತ್ತು ನಾಲ್ಕು ಗಂಟೆಯ ಬಸ್ಸು ಬಂದಿತ್ತಾ?