ಗವಿಯ ಕೆಳಗಿನಿಂದ ಹಾದುಹೋದವಳು

ಕೇಶ್ವಾಪುರ,
ಗುರುವಾರ ಮಧ್ಯಾಹ್ನ

ನನ್ನ ಆರ್ಜೂ,

ಹೋದ ವಾರ ನೀನು ಫೋನು ಮಾಡಿ, ದೀಪಾವಳಿ ಮುಗಿದ ಮೇಲೆ ಮತ್ತೆ ಬಸರಿಕೊಪ್ಪದ ಕಾಡು ಸುತ್ತಿ ಬರೋಣ ಎಂದೆ. ಹೊಸ ಕೃತಕ ಪಾದ ಒಗ್ಗಿದೆ, ಉಣಕಲ್ ಕೆರೆಯ ದಂಡೆಯ ಮೇಲೆ ದಿನಾ ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದೇನೆ ಎಂದೆ. ಆಮೇಲೆ, "ಆ ಕಲ್ಲಿನ ಅಂಚಿನ ಮ್ಯಾಲೆ ಈ ಸಲ ನೀ ನನ್ನ ಕೈ ಹಿಡೀಬೇಕು ನೋಡು," ಎಂದು ನಕ್ಕೆ. ನಾನು ಹೂಂ ಎಂದೆ. ಅದನ್ನು ಅಂದ ಗಳಿಗೆಯಿಂದ ನನಗೆ ಸಮಾಧಾನವಿಲ್ಲ. ನಿನ್ನ ಕೈ ಹಿಡಿಯುವ ಮೊದಲು ನಿನಗೆ ಹೇಳಲೇಬೇಕಾದದ್ದು ಒಂದಿದೆ. ಎದುರಿಗೆ ಕೂತು ಹೇಳಲು ಏಳು ವರ್ಷದಿಂದ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿದ್ಯಾನಗರದ ಕಾಲೇಜಿನಲ್ಲಿ ಓದುವಾಗ ಶುರುವಾದ ನಡಿಗೆ ಅದು. ನೀನು ಹೈಸ್ಕೂಲಿನ ಪಿ.ಟಿ. ಟೀಚರಾದೆ, ನಾನು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳಾದೆ, ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು. ಆದರೂ ವರ್ಷಕ್ಕೊಂದು ರವಿವಾರ ನಮ್ಮಿಬ್ಬರದೇ ಆಗಿ ಉಳಿಯಿತು. ಕಲಘಟಗಿ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಬಸರಿಕೊಪ್ಪಕ್ಕೆ ಹೋಗಿ, ಊರ ಹಿಂದಿನ ಹಳ್ಳದ ಗುಂಟ ಕಾಡು ಹೊಗುತ್ತಿದ್ದೆವು. ಹಳ್ಳ ಆಳವಾಗುತ್ತ ಕಣಿವೆಯಾಗುವಲ್ಲಿ ಆ ಕಲ್ಲಿನ ಅಂಚು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಕೆಳಗೆ ನೀರಿನ ಸದ್ದು ಮಾತ್ರ. ಒಬ್ಬರಷ್ಟೇ ಹೋಗುವಷ್ಟು ಅಗಲ. ಅದನ್ನು ದಾಟಿದರೆ ಮೇಲೆ ಗವಿಗಳು. ಗವಿಗಳಿಂದ ಗುಡ್ಡದ ನೆತ್ತಿ, ನೆತ್ತಿಯ ಗುಂಟ ದೊಡ್ಡ ಸುತ್ತು ಹಾಕಿ ಸಂಜೆಗೆ ಊರಿನ ಆಚೆ ಮಗ್ಗುಲಿಗೆ ಇಳಿಯುವುದು. ಆ ಅಂಚಿನ ಮೇಲೆ ನಾನು ಒಮ್ಮೆಯೂ ಒಬ್ಬಳೇ ನಡೆದವಳಲ್ಲ. ನೀನು ಮುಂದೆ, ನಿನ್ನ ಕೈ ಹಿಂದಕ್ಕೆ ಚಾಚಿರುತ್ತಿತ್ತು. "ಕೆಳಗ ನೋಡಬ್ಯಾಡ, ನನ್ನ ಜಡಿ ನೋಡ್ಕೊಂತ ಬಾ," ಎನ್ನುತ್ತಿದ್ದೆ. ಹದಿನೇಳು ವರ್ಷ ನಾನು ನಿನ್ನ ಜಡೆ ನೋಡಿಕೊಂಡೇ ದಾಟಿದ್ದು.

ಏಳು ವರ್ಷದ ಹಿಂದೆ ಎರಡನೆಯ ಗವಿಯ ಬಾಯಲ್ಲಿ ನೀನು ಕಾಲಿಟ್ಟ ಕಲ್ಲು ಉರುಳಿತು. ನಾವಿಬ್ಬರೂ ಸೇರಿ ಅದನ್ನು ನಿನ್ನ ಪಾದದ ಮೇಲಿನಿಂದ ತೆಗೆದೆವು. ನೀನು ಹಲ್ಲು ಕಚ್ಚಿ ಕೂತೆ, ಅಳಲಿಲ್ಲ. ನಾನು ಬೂಟು ಬಿಚ್ಚಿ ಪಾದ ಮುಟ್ಟಿದೆ. ತಣ್ಣಗಿತ್ತು, ಬೆರಳು ಬೆಳ್ಳಗಾಗಿದ್ದವು. ರಕ್ತ ಹರಿಯುತ್ತಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು, ಅದು ನನ್ನ ಕೆಲಸದ ವಿಷಯ. ಫೋನಿಗೆ ಸಿಗ್ನಲ್ ಇರಲಿಲ್ಲ. ಆಗ ಗಂಟೆ ಹತ್ತೂವರೆ. "ಬಂದ ದಾರೀಲೇ ಹೋಗು, ತಾಸಿನ್ಯಾಗ ಊರು ಮುಟ್ಟತಿ. ನಾ ಇಲ್ಲೇ ಇರ್ತೀನಿ," ಎಂದು ನೀನೇ ನನಗೆ ಧೈರ್ಯ ಹೇಳಿ ಕಳಿಸಿದೆ.

ಆರ್ಜೂ, ನಾನು ದಾರಿ ತಪ್ಪಲಿಲ್ಲ.

ಇಷ್ಟು ವರ್ಷ ಎಲ್ಲರಿಗೂ ದಾರಿ ತಪ್ಪಿದೆ ಎಂದೇ ಹೇಳಿದ್ದೇನೆ. ನಾನು ನೇರ ಆ ಅಂಚಿಗೇ ಹೋದೆ. ಒಂದು ಕಾಲು ಇಟ್ಟೆ, ತೆಗೆದೆ. ಮತ್ತೆ ಇಟ್ಟೆ. ಕೆಳಗೆ ನೋಡಿದೆ. ಅಲ್ಲೇ ಕುಸಿದು ಕೂತೆ. ನೀನು ಅಲ್ಲಿ ಒಬ್ಬಳೇ ಇದ್ದೀ ಎಂದು ನನಗೆ ನಾನೇ ಹೇಳಿಕೊಂಡೆ, ಗಟ್ಟಿಯಾಗಿ ಬೈದುಕೊಂಡೆ, ಆದರೂ ಏಳಲಾಗಲಿಲ್ಲ. ಗಡಿಯಾರ ನೋಡಿದಾಗ ಹನ್ನೊಂದೂ ಮುಕ್ಕಾಲು ಆಗಿತ್ತು. ಆಮೇಲೆ ಹಿಂದಕ್ಕೆ ತಿರುಗಿದೆ. ನೆತ್ತಿಯ ಮೇಲಿನ ದೊಡ್ಡ ಸುತ್ತಿನಲ್ಲಿ ಹೋದರಾಯಿತು ಎಂದುಕೊಂಡೆ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿತ್ತು.

ನೆತ್ತಿಗೆ ಹೋಗುವ ದಾರಿ ಗವಿಯ ಕೆಳಗಿನಿಂದಲೇ ಹಾದುಹೋಗುತ್ತದೆ. ಒಣ ಎಲೆಯ ಮೇಲೆ ನನ್ನ ಹೆಜ್ಜೆ ಸಪ್ಪಳ ನಿನಗೆ ಕೇಳಿತು. ನೀನು ಕರೆದೆ. "ಯಾರ್ರೀ ಅಲ್ಲಿ? ಯಾರರ ಅದೀರೇನ್ರಿ?" ನಾನು ಒಂದು ಮರದ ಹಿಂದೆ ನಿಂತೆ. ಉತ್ತರ ಕೊಟ್ಟರೆ, ಇನ್ನೂ ಯಾಕೆ ಇಲ್ಲೇ ಇದ್ದೀ ಎಂದು ನೀನು ಕೇಳುತ್ತೀ. ಬಾಯಿಗೆ ಸೆರಗು ಒತ್ತಿಕೊಂಡೆ. ನೀನು ಇನ್ನೆರಡು ಸಲ ಕರೆದು ಸುಮ್ಮನಾದೆ. ಆಗ ನಾನು ಸಪ್ಪಳವಾಗದಂತೆ ಹೋದೆ.

ಊರು ಮುಟ್ಟಿದಾಗ ನಾಲ್ಕು ಹೊಡೆದಿತ್ತು. ಮೊದಲು ಸಿಕ್ಕವಳು ಊರ ಕೊನೆಯ ಮನೆಯ ಯಂಕವ್ವ. ಅವಳ ಮಗ ಶಿದ್ದಪ್ಪ ಮೂರು ಜನರನ್ನು ಕರೆದುಕೊಂಡು, ಕಂಬಳಿಗೆ ಬಿದಿರು ಕಟ್ಟಿ, ಅದೇ ಅಂಚಿನ ಮೇಲೆ ಓಡುತ್ತ ಹೋಗಿ ನಿನ್ನನ್ನು ಹೊತ್ತು ತಂದ. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಎಂಟಾಯಿತು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಮೂರ್ನಾಲ್ಕು ತಾಸು ಮೊದಲ ಬಂದಿದ್ರ ಪಾದ ಉಳೀತಿತ್ತೇನೋ," ಎಂದರು. ಆ ಮಾತನ್ನು ನಾನು ನಿನಗಾಗಲಿ ನಿನ್ನ ಅಮ್ಮನಿಗಾಗಲಿ ಮುಟ್ಟಿಸಲಿಲ್ಲ.

ದಾವಲಬಿ ಅಮ್ಮ ಅವತ್ತು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನೀ ಇರದಿದ್ರ ನನ್ನ ಮಗಳು ಅಲ್ಲೇ ಹೋಗತಿದ್ಳವಾ," ಎಂದರು. ಆಮೇಲೆ ಅವರು ಬದುಕಿರುವತನಕ ಪ್ರತಿ ರಂಜಾನಿಗೆ ಶೀರ್ ಖುರ್ಮಾದ ಮೊದಲ ಡಬ್ಬಿ ನಮ್ಮ ಮನೆಗೇ ಬರುತ್ತಿತ್ತು. ನಾನು ಅದನ್ನು ಮಕ್ಕಳಿಗೆ ಹಾಕಿ, ನನಗೆ ಸಿಹಿ ಆಗುವುದಿಲ್ಲ ಎನ್ನುತ್ತಿದ್ದೆ. ನೀನು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಒಮ್ಮೆ ಹೇಳಿದ್ದು ನೆನಪಿದೆಯಾ? "ಗವಿ ಕೆಳಗ ಯಾರೋ ಹೋದಂಗಾತು, ಚಿನ್ಮಯೀ. ಕರದೆ. ಮುಸ್ಯಾನೋ ಮಂಗ್ಯಾನೋ ಇರಬೇಕು." ನಾನೂ, ಹೌದು, ಇರಬೇಕು ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಕೆಟ್ಟ ಮಾತು ನಾನು ಆಡಿಲ್ಲ.

ನೀನು ಮೈದಾನ ಬಿಟ್ಟು ಶಾಲೆಯ ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡುವ ಕೆಲಸಕ್ಕೆ ಕೂತೆ. ಹುಡುಗಿಯರು ಖೋಖೋ ಆಡುವಾಗ ಕಿಟಕಿ ಮುಚ್ಚಿಕೊಳ್ಳುತ್ತೇನೆ ಎಂದು ಒಮ್ಮೆ ಮಾತ್ರ ಹೇಳಿದ್ದೆ. ಯಾರಾದರೂ ನನ್ನನ್ನು, ಅಷ್ಟು ವರ್ಷ ನಡೆದ ದಾರಿ ಹೇಗೆ ತಪ್ಪಿತು ಎಂದು ಕೇಳಿದರೆ ನೀನೇ ಅಡ್ಡ ಬಂದು, ಗಾಬರಿಯಲ್ಲಿ ಯಾರಿಗಾದರೂ ತಪ್ಪುತ್ತದೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಈ ರವಿವಾರ ನಾನು ಒಬ್ಬಳೇ ಬಸರಿಕೊಪ್ಪಕ್ಕೆ ಹೋಗಿದ್ದೆ. ಮನೆಯಲ್ಲಿ ಧಾರವಾಡಕ್ಕೆ ಹೋಗುತ್ತೇನೆ ಎಂದು ಹೇಳಿದ್ದೆ. ಆ ಅಂಚಿನ ಮುಂದೆ ನಿಂತಾಗ ಮತ್ತೆ ಅವತ್ತಿನ ಹಾಗೇ ಆಯಿತು. ನಿಂತು ನಡೆಯಲು ಆಗಲಿಲ್ಲ. ಕೂಸಿನ ಹಾಗೆ ಅಂಬೆಗಾಲಿಟ್ಟು, ಬಂಡೆಗೆ ಭುಜ ಉಜ್ಜುತ್ತ, ಅಳುತ್ತ ದಾಟಿದೆ. ಐದು ನಿಮಿಷವೂ ಹಿಡಿಯಲಿಲ್ಲ, ಆರ್ಜೂ. ಆಚೆ ಕೂತು, ಇಷ್ಟೇನಾ ಎಂದು ಎಷ್ಟು ಹೊತ್ತು ಅತ್ತೆನೋ ತಿಳಿಯದು. ಅಂಬೆಗಾಲಿಟ್ಟು ಅವತ್ತೂ ದಾಟಬಹುದಿತ್ತು.

ಹಾಗೇ ಅಂಚು ದಾಟಿ ಮರಳಿ ಬಂದಾಗ ಯಂಕವ್ವ ಮಜ್ಜಿಗೆ ಕೊಟ್ಟಳು. ನನ್ನ ಸೀರೆಯ ಮಣ್ಣು ನೋಡಿ, "ಈ ಸಲ ಹಳ್ಳದ ಕಡಿಂದ ಬಂದ್ರಿ. ಅವತ್ತ ಗುಡ್ಡದ ಕಡಿಂದ ಬಂದಿದ್ರಿ," ಎಂದಳು. ನಾನು ಅವಳಿಗೆ, ನಿನಗೆ ಎಲ್ಲಾ ಗೊತ್ತಿತ್ತೇನು, ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. "ನನ್ನ ಯಾರೂ ಕೇಳಲಿಲ್ರಿ. ಹೇಳಾವ್ರು ನೀವಲ್ಲೇನ್ರಿ," ಎಂದಳು. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ಬರುವಾಗಲೇ ಈ ಪತ್ರ ಬರೆಯುವುದು ಎಂದು ಗಟ್ಟಿ ಮಾಡಿದೆ.

ಕ್ಷಮಿಸು ಎಂದು ಬರೆದು ಮೂರು ಸಲ ಹೊಡೆದು ಹಾಕಿದ್ದೇನೆ. ಇದನ್ನು ಓದಿದ ಮೇಲೆ ಈ ಅಳುಕಿನ ಕೈ ನಿನಗೆ ಬೇಡ ಅನಿಸಿದರೆ ಅದು ನ್ಯಾಯವೇ. ಶಿದ್ದಪ್ಪನ ಹತ್ತಿರ ಮಾತಾಡಿ ಬಂದಿದ್ದೇನೆ. ಬಂಡೆಗೆ ಹಗ್ಗ ಕಟ್ಟಿ, ಆ ಅಂಚಿನ ಮೇಲೆ ನಿನ್ನನ್ನು ತಾನೇ ದಾಟಿಸುತ್ತೇನೆ ಎಂದಿದ್ದಾನೆ. ನಾನು ಬರಲಿ, ಬಾರದಿರಲಿ, ನೀನು ಹೋಗುವುದನ್ನು ಬಿಡಬೇಡ. ನೆತ್ತಿ ಹತ್ತಿದ ಮೇಲೆ ಕಾಣುವ ಕಾಡು ನಿನ್ನದು, ಅದನ್ನು ಏಳು ವರ್ಷ ನಿನ್ನಿಂದ ದೂರ ಇಟ್ಟವಳು ನಾನು. ಬಾ ಎಂದರೆ ಬರುತ್ತೇನೆ. ಬೇಡ ಎಂದರೆ ಊರಿನ ಆಚೆ ಮಗ್ಗುಲಿನಲ್ಲಿ, ನೀನು ಇಳಿದು ಬರುವ ದಾರಿಯಿಂದ ದೂರ ನಿಂತು, ನೀನು ನಡೆದು ಬಂದದ್ದನ್ನು ನೋಡಿ ಹೋಗುತ್ತೇನೆ. ಈ ಸಲ ನೀನು ಯಾರು ಎಂದು ಕೂಗಿದರೆ ನನ್ನ ಹೆಸರು ಹೇಳುತ್ತೇನೆ.

ನಿನ್ನ ಹೆಜ್ಜೆ ಬಿದ್ದಲ್ಲೆಲ್ಲ ನೆಲ ಗಟ್ಟಿಯಾಗಿರಲಿ. ನೀನು ಕರೆದಾಗ ಓಗೊಡುವವರು ಯಾವಾಗಲೂ ಹತ್ತಿರವಿರಲಿ.

ಹೇಳಬೇಕಾದದ್ದನ್ನು ತಡವಾಗಿ ಹೇಳಿದ,
ಚಿನ್ಮಯೀ