ಡೆಲ್ಬರ್ಟರ ಹಳದಿ ಮೀನು

ಮಂಗಳವಾರ, ಫೆಬ್ರವರಿ ೧೧

ಬೆಳಿಗ್ಗೆ ಇನ್ನೊಂದು ಮೀನು ಸತ್ತು ತೇಲುತ್ತಿತ್ತು. ನಾನು ಕೆಲಸ ಮಾಡುವ ವೃದ್ಧಾಶ್ರಮದ ಹಜಾರದಲ್ಲಿರುವ ಉಪ್ಪುನೀರಿನ ಗಾಜಿನ ತೊಟ್ಟಿ ಸೂಟ್‌ಕೇಸಿಗಿಂತ ದೊಡ್ಡದೇನಲ್ಲ. ಅಪ್ಪನನ್ನೋ ಅಮ್ಮನನ್ನೋ ಇಲ್ಲಿ ಬಿಡಲು ಬಂದ ಮಕ್ಕಳೆಲ್ಲ ಅವರ ಹೆಸರಿನಲ್ಲಿ ಒಂದೊಂದು ಮೀನನ್ನೂ ತಂದು ಬಿಟ್ಟರು. ಬೇಡವೆಂದು ಯಾರಿಗೆ ಹೇಳುವುದು? ಈಗ ಮೀನುಗಳು ಕಿಕ್ಕಿರಿದು, ಎಷ್ಟು ಸಲ ನೀರು ಬದಲಿಸಿದರೂ ಅದು ವಿಷವಾಗುತ್ತದೆ.

ಕೆಲವನ್ನಾದರೂ ಫ್ಲಿಂಟ್ ಪಟ್ಟಣದ ಸಾಕುಮೀನಿನ ಅಂಗಡಿಗೆ ವಾಪಸು ಕೊಡಬೇಕು. ಆದರೆ ಯಾರ ಮೀನನ್ನು? ಇಲ್ಲಿರುವ ವರ್ನಾ ಅಜ್ಜಿ ತಮ್ಮದನ್ನು ತೀರಿಹೋದ ಗಂಡನ ಹೆಸರಿನಿಂದಲೇ ಕರೆಯುತ್ತಾರೆ. ದಿನವೆಲ್ಲ ಇದೇ ಕೊರೆತ.

ಸಂಜೆ, ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಡೆಲ್ಬರ್ಟ್ ಈ ಸುದ್ದಿ ಕೇಳಿ ಗಾಲಿಕುರ್ಚಿಯಲ್ಲಿ ತೊಟ್ಟಿಯ ಬಳಿ ಬಂದರು.

"ನನ್ನ ಹಳದಿ ಮೀನನ್ನೇ ತಗೊಂಡೋಗಮ್ಮ. ಎಲ್ಲಕ್ಕಿಂತ ದೊಡ್ಡದು ಅದೇ. ಮಿಕ್ಕಿದ್ದಾದ್ರೂ ಉಸಿರಾಡ್ಲಿ."

"ಅಂಗಡೀಲಿ ದೊಡ್ಡ ತೊಟ್ಟಿ ಇದೆ ಡೆಲ್ಬರ್ಟ್. ಅದಕ್ಕೂ ಒಳ್ಳೇದೇ," ಅಂದೆ.

ಅವರು ಗಾಜಿನ ಮೇಲೆ ಬೆರಳಿಟ್ಟರು. ಮೀನು ಬೆರಳಿನ ಹತ್ತಿರ ಬಂತು.

"'ನಿನ್ನ ಒಳ್ಳೇದಕ್ಕೇ' ಅಂತ ಮಾತ್ರ ಅದಕ್ಕೆ ಹೇಳ್ಬೇಡ. ನನ್ನ ಇಲ್ಲಿಗೆ ಕರ್ಕೊಂಡು ಬರೋವಾಗ ಮಗಳು ದಾರಿಯುದ್ದಕ್ಕೂ ಅದನ್ನೇ ಹೇಳಿದ್ಲು."

ನಾಳೆ ಕಾರಿನಲ್ಲಿ ಮೀನಿನ ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕು. ಡೆಲ್ಬರ್ಟರನ್ನೇ ಕರೆದೊಯ್ಯುತ್ತೇನೆ. ದಾರಿಯಲ್ಲಿ ನಾನು ಒಳ್ಳೆಯದರ ಮಾತೆತ್ತುವುದಿಲ್ಲ.