ಐವತ್ತು ನಿಮಿಷದ ದಾರಿ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಫೋನ್ ಮಾಡೋಣವೆಂದರೆ ಅಮ್ಮ ಇಡೀ ದಿನ ನನ್ನ ಇಸ್ತ್ರಿ ಅಂಗಡಿಯಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಪತ್ರ. ನಿಮ್ಮೂರಿಗೂ ನಮ್ಮೂರಿಗೂ ನಡುವೆ ಈ ತಿಂಗಳಿಂದ ವಿಮಾನ ಹಾರುತ್ತಿದೆ. ಬೆಟ್ಟ ಸುತ್ತಿ ಬಸ್ಸಿನಲ್ಲಿ ಬಂದರೆ ಹನ್ನೆರಡು ಗಂಟೆ, ಮೇಲಿನಿಂದ ಐವತ್ತು ನಿಮಿಷವಂತೆ. ನಿಲ್ದಾಣಕ್ಕೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಪೆಟ್ಟಿಗೆಗೆ ಕಾಯುವುದು ಎಲ್ಲ ಸೇರಿಸಿದರೂ ಐದು ಗಂಟೆ ದಾಟುವುದಿಲ್ಲ. ನೀನು ಆ ಲೆಕ್ಕ ತೆಗೆಯುತ್ತೀಯೆಂದು ಗೊತ್ತಿತ್ತು, ನಾನೇ ಮಾಡಿಟ್ಟೆ.

ಆರು ವರ್ಷದಿಂದ ನಿನ್ನ ಬಗ್ಗೆ ಯಾರು ಕೇಳಿದರೂ ಅಮ್ಮನದು ಒಂದೇ ಮಾತು: "ಬರ್ತಿದ್ದ ಪಾಪ, ದಾರಿ ದೂರ ನೋಡಿ." ಮೊನ್ನೆ ಕೋಟು ಕೊಡಲು ಬಂದ ಮೇಷ್ಟ್ರು ವಿಮಾನದ ಸುದ್ದಿ ಹೇಳಿ, "ಇನ್ನೇನಮ್ಮ, ಒಂದು ಗಂಟು ಬಟ್ಟೆ ಇಸ್ತ್ರಿ ಆಗೋದ್ರೊಳಗೆ ಮಗ ಎದುರಿಗಿರ್ತಾನೆ" ಎಂದರು. ಅಮ್ಮ ನಗಲಿಲ್ಲ. ಅವರು ಹೋದ ಮೇಲೆ ಮೆಲ್ಲಗೆ ನನಗೆ ಹೇಳಿದಳು: "ಅವನಿಗೆ ಇದನ್ನ ತಿಳಿಸ್ಬೇಡ ಕಣೇ. ತಿಳಿದೂ ಬರ್ಲಿಲ್ಲ ಅಂದ್ರೆ ಜನಕ್ಕೆ ಏನಂತ ಹೇಳ್ಲಿ?"

ನಾನು ತಿಳಿಸಿದ್ದೇನೆ. ನೀನು ಬರದಿದ್ದರೆ ಈ ಪತ್ರ ಅಂಚೆಯಲ್ಲಿ ಕಳೆದುಹೋಯಿತೆಂದು ಅಂದುಕೊಳ್ಳುತ್ತೇನೆ. ಬರುವುದಾದರೆ ಮಹಡಿಯ ಕೋಣೆ ಖಾಲಿ ಇದೆ. ವಿಮಾನದಲ್ಲೇ ಬಾ, ಆದರೆ ಬಸ್ಸಿನಲ್ಲಿ ಬಂದೆನೆಂದು ಹೇಳು. ಅಂಗಿ ಚೆನ್ನಾಗಿ ಸುಕ್ಕಾಗಿರಲಿ. ಅಮ್ಮ ಬಟ್ಟೆ ನೋಡಿಯೇ ದಾರಿ ಎಷ್ಟು ದೂರವಿತ್ತೆಂದು ಹೇಳಿಬಿಡುತ್ತಾಳೆ.

ಇಂತಿ,
ನಿನ್ನ ಅಕ್ಕ